ಒಂದು ಗಂಟಿಗೆ ನೂರೆಂಟು ಕಾರಣ

ಮೇಲಿನ ದೀಪದ ಗಾಜಿನೊಳಗೆ ಒಂದು ನೊಣ ಸತ್ತು ಬಿದ್ದಿದೆ, ಕಾಲು ಮೇಲೆ ಮಾಡಿಕೊಂಡು, ಹೆಚ್ಚುಕಡಿಮೆ ನನ್ನ ಹಾಗೆಯೇ, ಬಲಗೈ ತಲೆಯ ಹಿಂದಕ್ಕೆ ಎತ್ತಿ ಮಲಗಿ ಅಂದಿದ್ದಾರೆ ಈ ಡಾಕ್ಟರಮ್ಮ, ಎತ್ತಿ ಮಲಗಿದ್ದೇನೆ, ಮೇಜಿಗೆ ಹಾಸಿದ ಕಾಗದ ಬೆನ್ನಿನಡಿ ಪರಪರ ಅನ್ನುತ್ತಿದೆ, ನಮ್ಮಲ್ಲಿ ಕಾಗದಗೀಗದ ಇಲ್ಲ, ಸ್ಟೀಲ್ ಮೇಜು, ಒರೆಸಿದರೆ ಮುಗಿಯಿತು, ಮಲಗಿದವರೂ ದೂರು ಹೇಳುವುದಿಲ್ಲ — ಇಷ್ಟು ವರ್ಷ ಪ್ರಾಣಿಗಳ ಆಸ್ಪತ್ರೆಯಲ್ಲಿ ನಾಯಿ ಬೆಕ್ಕುಗಳನ್ನು ಮೇಜಿಗೆ ಅದುಮಿ ಹಿಡಿದವಳು ನಾನು, ಇವತ್ತು ನಾನೇ ಮೇಜಿನ ಮೇಲೆ. ಸ್ವಲ್ಪ ಸಡಿಲ ಬಿಡಿ ಅಮ್ಮಾ, ಆಯ್ತು, ಆಯ್ತು. ಇದು ನನ್ನ ಮಾತಲ್ಲವಾ, ಆಯ್ತು ಕಂದಾ ಆಯ್ತು ಅನ್ನುತ್ತಾ ಸೂಜಿ ಚುಚ್ಚಿಸುವವಳು ನಾನು, ಆಯ್ತು ಅಂದರೆ ಇನ್ನೂ ಶುರುವೇ ಆಗಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕಂಕುಳಲ್ಲಿ ಅವರ ಬೆರಳು ತಣ್ಣಗಿದೆ, ಕಚಗುಳಿ ಆಗುತ್ತಿದೆ, ನಗಬಾರದು, ನಕ್ಕರೆ ಏನಂದುಕೊಂಡಾರು, ಗಂಟು ಸಿಕ್ಕಿರಬೇಕು, ಬೆರಳು ನಿಂತಿದೆ. ನೋವಾಗುತ್ತಾ. ಒತ್ತಿದ್ರೆ ಆಗುತ್ತೆ ಡಾಕ್ಟ್ರೇ. ಜ್ವರ. ಮೊನ್ನೆ ಮೈ ಸ್ವಲ್ಪ ಬೆಚ್ಚಗಿತ್ತು. ಮನೇಲಿ ಯಾರಿಗಾದ್ರೂ ಇಂಥದ್ದು. ನಮ್ಮ ಚಿಕ್ಕಮ್ಮಂಗೆ ಇತ್ತು. ಈ ಕೈಗೆ ಇತ್ತೀಚೆಗೆ ಏನಾದ್ರೂ ಗಾಯ ಆಗಿತ್ತಾ. ಇಲ್ಲ. ಗಾಯ ಎಲ್ಲಿಂದ ಬರಬೇಕು, ಗಾಯ ಅಂದರೆ ಹೋದ ವರ್ಷ ಆ ಕರಿ ನಾಯಿ ಕಚ್ಚಿ ಹೊಲಿಗೆ ಹಾಕಿಸಿಕೊಂಡದ್ದು, ಅದು ಗಾಯ, ಅದೂ ಎಡಗೈಗೆ.

ಸ್ನಾನ ಮಾಡುವಾಗ ಸೋಪಿನಡಿ ಕೈಗೆ ಸಿಕ್ಕಿದ್ದು ಇದು, ದ್ರಾಕ್ಷಿಯಷ್ಟು, ತಂಗಿಗೊಬ್ಬಳಿಗೆ ಹೇಳಿದೆ, ಯಾರಿಗೂ ಹೇಳಬೇಡ ಅಂದೆ, ಅವಳಿಗೆ ಹೇಳುವುದೂ ಒಂದೇ ಡಂಗುರ ಸಾರಿಸುವುದೂ ಒಂದೇ, ಸಂಜೆಯ ಹೊತ್ತಿಗೆ ಮನೆ ತುಂಬ ವೈದ್ಯರು. ಅತ್ತೆ ಹೇಳಿದರು ಉಷ್ಣ ಕಣೇ, ನೀರೇ ಕುಡಿಯಲ್ಲ ನೀನು. ನಮ್ಮ ಯಜಮಾನರು ಹೇಳಿದರು ಆ ದಪ್ಪ ನಾಯಿಗಳನ್ನ ಎತ್ತಬೇಡ ಅಂದ್ರೆ ಕೇಳಲ್ಲ, ನರ ಉಳುಕಿರುತ್ತೆ, ಅವರಿಗೆ ತಲೆನೋವು ಬಂದರೂ ನರವೇ. ಪಕ್ಕದ ಮನೆಯಾಕೆ ಬಂದಳು, ಬ್ಲೇಡು ತಾಗಿ ಕೂದಲು ಒಳಗೇ ಬೆಳೆದಿರುತ್ತೆ ಕಣ್ರೀ, ಇಲ್ಲಾಂದ್ರೆ ಆ ಸೆಂಟು ಒಗ್ಗಿರಲ್ಲ, ನಂಗೂ ಆಗಿತ್ತು, ನೋಡ್ತೀರಾ, ಅಂದವಳೇ ತೋಳೆತ್ತಿಯೇ ಬಿಟ್ಟಳು, ಅತ್ತೆ ತಿನ್ನುತ್ತಿದ್ದ ಬಿಸ್ಕತ್ತು ಕೆಳಗಿಟ್ಟರು. ಮಗಳು ಮಾತ್ರ ಫೋನಿನಲ್ಲಿ ಹುಡುಕಿದಳು, ಓದಿದಳು, ಫೋನನ್ನು ಬೋರಲು ಹಾಕಿ ಅಮ್ಮಾ ಕಾಫಿ ಮಾಡ್ಲಾ ಅಂದಳು — ಹುಟ್ಟಿದಂದಿನಿಂದ ಆ ಮಾತು ಅವಳ ಬಾಯಲ್ಲಿ ಬಂದದ್ದಿಲ್ಲ. ಚಿಕ್ಕಮ್ಮನ ಮಾತು ಯಾರೂ ಎತ್ತಲಿಲ್ಲ. ಅವಳಿಗೂ ಕಂಕುಳಲ್ಲೇ ಕಂಡದ್ದು, ಮೇಲೊಂದು ಶಾಲು ಹೊದ್ದು ಓಡಾಡಿದಳು, ಏನೂ ಇಲ್ಲ ಬಿಡೇ ಅಂದಳು, ಬಾಯಿ ಬಿಡುವಷ್ಟರಲ್ಲಿ ಕಾಲ ಮಿಂಚಿತ್ತು, ಆ ಶಾಲು ಇನ್ನೂ ನನ್ನ ಬೀರುವಿನಲ್ಲಿದೆ, ನನಗೆ ಭಯ, ಜೋಕು ಮಾಡಿಕೊಂಡು ಇಲ್ಲಿವರೆಗೆ ಬಂದೆ, ಆದರೂ ಭಯ, ಮಗಳಿಗೆ ಇನ್ನೂ ಒಂದು ಕಾಫಿ ನೆಟ್ಟಗೆ ಮಾಡಲು ಬರುವುದಿಲ್ಲ. ಭಯ ಅಂದರೆ ಆ ಕಿತ್ತಳೆ ಬಣ್ಣದ ಬೆಕ್ಕಿನಮರಿಯದು, ಎರಡು ವಾರದ ಹಿಂದೆ ಕಾರಿನ ಎಂಜಿನ್ನಿನೊಳಗಿಂದ ಎತ್ತಿ ತಂದಿದ್ದರು, ಮುಷ್ಟಿಯಷ್ಟು, ಮೈಯೆಲ್ಲ ಗ್ರೀಸು, ತಕ್ಕಡಿಯಲ್ಲಿಡೋಣ ಅಂದರೆ ನನ್ನ ತೋಳು ಬಿಡಲೊಲ್ಲದು, ಅಷ್ಟೂ ಉಗುರು ಬಿಚ್ಚಿ ನೇತಾಡುತ್ತಿತ್ತು, ನಮ್ಮ ಡಾಕ್ಟರು ನಗುತ್ತಾ ಇಬ್ಬರನ್ನೂ ಸೇರಿಸೇ ತೂಗೋಣಮ್ಮ, ಆಮೇಲೆ ನಿನ್ನ ತೂಕ ಕಳೆದ್ರಾಯ್ತು ಅಂದರು, ಎಲ್ಲರ ಮುಂದೆ ನನ್ನ ತೂಕ ಬೇಡ ಸಾರ್ ಅಂದೆ, ಮರಿ ಮಾತ್ರ ನಗಲಿಲ್ಲ, ಕಣ್ಣು ಅಷ್ಟಗಲ, ಉಗುರು ಇನ್ನೂ ಒಳಕ್ಕೆ.

ಡಾಕ್ಟರಮ್ಮ ಮಾತಾಡುತ್ತಿಲ್ಲ. ಕೆಟ್ಟದ್ದೇನಾದರೂ ಕೈಗೆ ಸಿಕ್ಕಿದರೆ ನಮ್ಮ ಡಾಕ್ಟರೂ ಹೀಗೇ, ಮಾತು ನಿಲ್ಲಿಸಿ ಕನ್ನಡಕ ಒರೆಸುತ್ತಾರೆ, ಆಗ ನಾನು ನಾಯಿ ತಂದವರನ್ನು ಹೊರಗಿನ ಬೆಂಚಿಗೆ ಕರೆದೊಯ್ದು ಏನೂ ಆಗಲ್ಲ ಕೂತ್ಕೊಳ್ಳಿ ಅನ್ನುತ್ತೇನೆ, ಆಗದಿರುವಾಗಲೂ ಅದೇ ಮಾತು, ಆಗುವಾಗಲೂ ಅದೇ ಮಾತು, ನನಗೆ ಯಾರು ಹೇಳಬೇಕು, ಇವರಿಗೆ ಕನ್ನಡಕವೇ ಇಲ್ಲ, ಏನು ನೋಡಿ ತಿಳಿಯಲಿ. ಎಡಗಂಕುಳು ನೋಡಿದರು, ಕತ್ತು ನೋಡಿದರು, ಎದೆ ಒತ್ತಿ ಒತ್ತಿ ನೋಡಿದರು, ಎದ್ದು ಕೂತ್ಕೊಳ್ಳಿ, ಬಲಗೈ ಕೊಡಿ, ಕೊಟ್ಟೆ, ಅಂಗಿಯ ಉದ್ದ ತೋಳನ್ನು ಮೊಣಕೈ ದಾಟುವವರೆಗೆ ಮಡಚಿದರು. ಇದೇನಮ್ಮಾ. ಯಾವುದು. ಇದು, ಇದು, ಇಲ್ಲಿ ಕೆಂಪಗೆ ಗುಳ್ಳೆ ಎದ್ದಿರೋದು. ಓ ಅದಾ, ಬೆಕ್ಕು. ಗಾಯ ಇಲ್ಲ ಅಂದ್ರಲ್ಲ. ಇದು ಗಾಯ ಅಲ್ಲ ಡಾಕ್ಟ್ರೇ, ಇದು ಕೆಲಸ. ಅವರು ನನ್ನ ಮುಖ ನೋಡಿದರು, ನನ್ನ ಕೈ ನೋಡಿದರು, ಹಳೆಯದು ಹೊಸದು ಗೀರಿನ ಮೇಲೆ ಗೀರು, ಇದನ್ನೆಲ್ಲ ಗಾಯ ಅಂತ ಲೆಕ್ಕ ಹಿಡಿದರೆ ನಮ್ಮಲ್ಲಿ ಯಾರೂ ಕೆಲಸಕ್ಕೆ ಬರುವ ಹಾಗಿಲ್ಲ. ಮರಿ ಬೆಕ್ಕಾ. ಹೂಂ, ಮರಿ. ಮರಿಗಳ ಉಗುರಲ್ಲಿ ಒಂದು ರೋಗಾಣು ಇರಬಹುದಮ್ಮ, ಗೀರಿದಲ್ಲಿಂದ ಒಳಗೆ ಹೋದ್ರೆ ಅದನ್ನ ತಡೆಯೋಕೆ ಕಂಕುಳಿನ ಗ್ರಂಥಿ ಊದ್ಕೊಳ್ಳುತ್ತೆ — ಗೊತ್ತು, ಗೊತ್ತು ಡಾಕ್ಟ್ರೇ, ಇದೇ ಮಾತು ನಮ್ಮ ಮೇಜಿನ ಹಿಂದೆ ಗೋಡೆಯ ಮೇಲಿದೆ, ಮರಿ ಗೀರಿದರೆ ಸೋಪು ಹಾಕಿ ತೊಳೆಯಿರಿ, ಗಂಟು ಕಂಡರೆ ವೈದ್ಯರಿಗೆ ತೋರಿಸಿ, ಅಂಟಿಸಿದವಳು ನಾನೇ, ವಾರೆಯಾಯಿತು ಅಂತ ಕಿತ್ತು ಮತ್ತೆ ಅಂಟಿಸಿದವಳೂ ನಾನೇ, ಬಂದವರಿಗೆಲ್ಲ ಬಾಯಿಪಾಠ ಒಪ್ಪಿಸಿದ್ದೇನೆ, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಅನ್ನುವುದು ನನ್ನನ್ನೇ. ಬಹುಶಃ ಅದೇ ಇರಬೇಕಮ್ಮ, ತಾನಾಗೇ ಇಳಿಯುತ್ತೆ, ಆದ್ರೂ ಚಿಕ್ಕಮ್ಮನ ವಿಷಯ ಹೇಳಿದ್ರಲ್ಲ, ರಕ್ತಪರೀಕ್ಷೆ, ಸ್ಕ್ಯಾನು ಎರಡೂ ಮಾಡ್ಸಿಬಿಡೋಣ. ಆಗಲಿ, ಮಾಡಿಸೋಣ, ಶಾಲು ಹೊದೆಯುವವಳಲ್ಲ ನಾನು. ಬಹುಶಃ, ಎಂಥ ಚೆಂದದ ಮಾತು, ಅತ್ತೆಗೆ ಹೇಳಬೇಕು ಉಷ್ಣ ಅಲ್ಲ ಅಂತ, ಮಗಳಿಗೆ ಮೊದಲು, ಈಗ ಮಾಡೇ ಕಾಫಿ ಅನ್ನಬೇಕು, ಕಣ್ಣಲ್ಲಿ ನೀರು ಯಾಕೆ ಬರುತ್ತಿದೆ, ನಗುತ್ತಾ ಇದ್ದೇನಲ್ಲ. ಅಮ್ಮಾ. ಹೂಂ. ನನ್ನ ಕೋಟು ಬಿಡ್ತೀರಾ, ಚೀಟಿ ಬರೀಬೇಕು. ನೋಡಿಕೊಂಡರೆ ನನ್ನ ಐದೂ ಬೆರಳು ಅವರ ಬಿಳಿ ಕೋಟಿನ ತೋಳಿನಲ್ಲಿ, ಯಾವಾಗ ಹಿಡಿದೆನೋ, ಬಟ್ಟೆ ಮುದ್ದೆಯಾಗಿದೆ, ಬಿಡಬೇಕು, ಬಿಡು ಅನ್ನುತ್ತಿದ್ದೇನೆ, ಆಯ್ತು ಕಂದಾ ಆಯ್ತು, ಬೆರಳು ಬಿಡಲೊಲ್ಲವು — ತಕ್ಕಡಿಯ ಮೇಲೆ ಆ ಮರಿ, ಕಣ್ಣು ಅಷ್ಟಗಲ, ಅಷ್ಟೂ ಉಗುರು ಬಿಚ್ಚಿ, ನೇತಾಡುತ್ತಾ