ಕಟ್ಟಡದ ರೊಕ್ಕ

"ಈ ಹುಡುಗಿ ಕೈಯಾಗ ಪುಸ್ತಕ ಕೊಟ್ಟಾಂವ ಯಾವ ಸೂಳಿಮಗ?"

ವಿರೂಪಾಕ್ಷಪ್ಪ ಸಾವಕಾರರು ಹಾಗೆ ಕೇಳಿದಾಗ ಮುರುಗೆವ್ವನ ತಲೆಯ ಮೇಲೆ ಹಸಿ ಕಾಂಕ್ರೀಟಿನ ಬುಟ್ಟಿ ಇತ್ತು. ಬೆಳಗಾವಿಯಿಂದ ಗೋವೆಗೆ ಬಂದು, ಅಂಗಡಿ ಬೆಳೆಸಿ, ಸಾಂಕೋಲೆಯಲ್ಲಿ ಕಾಲೇಜು ತೆಗೆದ ಧಣಿ ಅವರು. ಕಾಲೇಜಿನ ಹೊಸ ಮಹಡಿಯ ಸ್ಲ್ಯಾಬಿಗೆ ಅರ್ಧ ಕಾಂಕ್ರೀಟು ಬಿದ್ದಿತ್ತು. ಪೂಜೆಯ ಪೇಢೆ ಸಾವಕಾರರ ಹಲ್ಲಿನ ಸಂದಿಯಲ್ಲಿ ಇನ್ನೂ ಮೆತ್ತಿಕೊಂಡಿತ್ತು. ಹೆಣ್ಣಾಳುಗಳಿಗೆ ಪೇಢೆಯನ್ನು ಕೈ ತಾಗದಂತೆ ಮೇಲಿನಿಂದ ಉದುರಿಸಿದ್ದರು. ಪ್ರಸಾದವೆಂದು ಮುರುಗೆವ್ವನೂ ಉಳಿದವರೂ ಕಣ್ಣಿಗೊತ್ತಿಕೊಂಡು ತಿಂದಿದ್ದರು.

ಎದುರಿಗೆ ನಿಂತವಳು ಮುರುಗೆವ್ವನ ಮಗಳು ನೀಲಗಂಗಾ, ಇದೇ ಕಾಲೇಜಿನಲ್ಲಿ ಓದುವವಳು. ಈ ವರ್ಷ ಫೀ ಏರಿತ್ತು. ಅದರ ಮೇಲೆ ಕಟ್ಟಡ ನಿಧಿ ಎಂಬ ಹೊಸದೊಂದು. ಸಂಜೆಯೊಳಗೆ ಎರಡೂ ಕಟ್ಟದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ತಾಳಿಯ ಗುಂಡು ಮಾರಿದರೂ ಫೀಗೆ ಆಗುವಷ್ಟೇ ಕೂಡಿತ್ತು. ನಿಧಿಯ ಮಾತಿಗೆ ಮುರುಗೆವ್ವ ನಕ್ಕುಬಿಟ್ಟಿದ್ದಳು: "ಹುಚ್ಚಿ, ಕಟ್ಟಡ ನಮ್ಮವ್ವನ ಕಟ್ಟಾಕತ್ತಾಳ ಅಂತ ಹೇಳು, ಬಿಡ್ತಾರ." ಅವಳ ಊರಲ್ಲಿ ಗುಡಿ ಕಟ್ಟುವಾಗ ಕಲ್ಲು ಹೊತ್ತವರ ಹತ್ತಿರ ಯಾರೂ ವಂತಿಗೆಯ ಪಟ್ಟಿ ಎತ್ತುತ್ತಿರಲಿಲ್ಲ. ಇಲ್ಲಿ ಆಫೀಸಿನವರು ಹೊಟ್ಟೆ ಹಿಡಿದುಕೊಂಡು ನಕ್ಕು, ಇದನ್ನು ಧಣಿಗೇ ಹೇಳೆಂದು ಹುಡುಗಿಯನ್ನು ಮಹಡಿಗೆ ಅಟ್ಟಿದ್ದರು.

"ಆಕಿ ಹೇಳಿದ್ದು ಖರೇ ಐತ್ರಿ ಸಾವ್ಕಾರ್ರ," ಎಂದಳು ಮುರುಗೆವ್ವ. "ನಿಮ್ಮ ಕಟ್ಟಡ ನನ್ನ ನೆತ್ತಿ ಮ್ಯಾಲಿಂದನ ಏರಾಕತ್ತೈತಿ. ಮತ್ತ ರೊಕ್ಕ ಯಾಕ್ರಿ?"

"ಪಗಾರ ತಿನ್ನೂದಿಲ್ಲೇನಲೇ ರಂಡಿ? ನಿಮ್ಮಂಥಾವ್ರ ಮಕ್ಕಳು ಕಲ್ತು ಕುಂತ್ರ ಬುಟ್ಟಿ ಹೊರಾಕ ನನ್ನ ಹೇಣ್ತಿ ಬರಬೇಕೇನು?" ಸಾವಕಾರರು ಸಂತೆಯಲ್ಲಿ ಎಮ್ಮೆ ಕೊಳ್ಳುವವರಂತೆ ನೀಲಗಂಗಾಳನ್ನು ಕಾಲಿನಿಂದ ಮೇಲಕ್ಕೆ ನೋಡಿದರು. "ಮೈಕಟ್ಟು ಚಲೋ ಐತಿ. ಬುಟ್ಟಿ ಹೊರೋ ಸಾಲಿನ್ಯಾಗ ಒಂದಾಳು ಕಡಿಮಿ. ಹೊರು. ನಿಧಿ ಪಗಾರದಾಗ ಮುರಕೊಂತೇನಿ."

ನೀಲಗಂಗಾ ಪುಸ್ತಕ ಕೆಳಗಿಟ್ಟು ಖಾಲಿ ಬುಟ್ಟಿಗೆ ಬಗ್ಗಿದಳು.

ಮುರುಗೆವ್ವ ತಲೆಯ ಮೇಲಿನ ಬುಟ್ಟಿಯನ್ನು ಕೆಳಗೆ ಸುರಿದವಳೇ, ತಿಂದ ಪೇಢೆಯನ್ನೆಲ್ಲ ಸಾವಕಾರರ ಧೋತರದ ಬುಡಕ್ಕೆ ಕಾರಿಕೊಂಡಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಬುಟ್ಟಿ ಕವುಚಿ ಅದರ ಮೇಲೆ ಕೂತಳು.

"ಏಳ! ಸ್ಲ್ಯಾಬ್ ಕೆಲಸ ನಡುವ ನಿಂತ್ರ, ಒಣಗಿದ್ದಕ್ಕ ಹೊಸಾದು ಕೂಡೂದಿಲ್ಲ, ಜೋಡ ಬಿದ್ದು ಸೋರತೈತಲೇ!" ಸಾವಕಾರರು ಕೂಗಿದರು.

"ಸೋರಲಿ."

ಅವಳ ಹಿಂದಿದ್ದ ಸೋಮಿಬಾಯಿಯೂ ಬುಟ್ಟಿ ಕವುಚಿದಳು. ಏಣಿಯ ಮೇಲಿನ ಸಾಲು ನಿಂತಿತು. ಕೆಳಗೆ ಕಾಂಕ್ರೀಟು ಕಲಸುವ ಬಾಬುಸಾಬ ಮಿಕ್ಸರ್ ಬಂದ್ ಮಾಡಿದ.

"ಯಾಕಲೇ ಬಾಬ್ಯಾ, ನಿನಗೇನಾತು?"

"ಹೊರಾವ್ರಿಲ್ರಿ ಧಣ್ಯಾರ. ಯಾರ ತಲಿ ಮ್ಯಾಲೆ ಹಾಕ್ಲಿ? ನಿಮ್ದು ಖಾಲಿ ಐತೇನ್ರಿ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾವಕಾರರು ಬೇರೆ ಆಳು ತರಲು ಸಾವರ್ಡೆಗೆ ಲಾರಿ ಅಟ್ಟಿದರು.

ಬಿಸಿಲು ಇಳಿಯಿತು. ಲಾರಿ ಬರಲಿಲ್ಲ. ಕೆಳಗೆ ಫೀ ಕಟ್ಟುವ ಕಿಟಕಿ ಮುಚ್ಚಿದ ಸದ್ದು ಕೇಳಿತು. ನೀಲಗಂಗಾ ಒಮ್ಮೆ ಅತ್ತ ನೋಡಿ, ಅವ್ವನ ಮಗ್ಗುಲಿಗೆ ಬಂದು ಕೂತಳು.

ಮುರುಗೆವ್ವ ಅರ್ಧಕ್ಕೆ ನಿಂತು ಬಿಗಿಯುತ್ತಿದ್ದ ಕಾಂಕ್ರೀಟಿನ ಅಂಚಿಗೆ ಹೆಬ್ಬೆರಳು ಒತ್ತಿ ತೆಗೆದಳು. ಗುಳಿ ಮುಚ್ಚಲಿಲ್ಲ.