ಯಜಮಾನರ ಮನೆಯ ಎಲೆ

"ಒಂದಕ್ಕೋ, ಎರಡಕ್ಕೋ?"

ಮೇಸ್ತ್ರಿಯ ಮಾತು ಇಡೀ ಶೆಡ್ಡಿಗೆ ಕೇಳಿಸಿತು. ಕೇಳಿಸಲೆಂದೇ ಅವನು ಅಷ್ಟು ಜೋರಾಗಿ ಕೇಳುತ್ತಿದ್ದ. ಹೊಟ್ಟೆ ಕಟ್ಟಿದವರು ಕುಡಿಯುವ ಸೋನಾಮುಖಿ ಎಲೆಯಲ್ಲಿ ಕಡ್ಡಿ ಆರಿಸುತ್ತಿದ್ದ ಅತ್ತೆ ಮೊರವನ್ನು ಅರ್ಧಕ್ಕೇ ಬಿಟ್ಟು ಬಂದು ಅವನ ಮೇಜಿನ ಮುಂದೆ ನಿಂತಿದ್ದಳು. ಕಕ್ಕಸಿನ ಬೀಗದ ಕೈ ಅವನ ತಲೆಯ ಹಿಂದೆ ಮೊಳೆಗೆ ನೇತಾಡುತ್ತಿತ್ತು.

"ಒಂದಕ್ಕೆ," ಅಂದಳು.

"ಬೆಳಗ್ಗೆ ತಾನೇ ಬಂದಿದ್ದೆಯಲ್ಲೇ?"

"ಅದು ಎರಡಕ್ಕೆ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿ ನಗಲಿಲ್ಲ.

"ಎಲೆ ತಿಂದಿದೀಯಾ? ಬಾಯಿ ತೆಗಿ."

ಅತ್ತೆ ಬಾಯಿ ತೆರೆದಳು. ಅವನು ಕುರ್ಚಿಯಿಂದ ಸ್ವಲ್ಪ ಎದ್ದು, ಕತ್ತು ಚಾಚಿ ಒಳಗೆ ನೋಡಿದ. ಎರಡು ಹಲ್ಲಿಲ್ಲದ ಜಾಗ ಬಿಟ್ಟರೆ ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ನಾಲಿಗೆ ಎತ್ತು. ಹೂಂ. ಕಳ್ಳ ಮುಂಡೇವು, ಮಾಲನ್ನೆಲ್ಲ ಮೇಯ್ತೀರ, ಆಮೇಲೆ ಹೊಟ್ಟೆ ಹಿಡ್ಕೊಂಡು ಬರ್ತೀರ. ಬೇಗ ಬಾ."

ಬೀಗದ ಕೈ ತೆಗೆದುಕೊಂಡು ಬರುವಾಗ ಅತ್ತೆ ಬಾಗಿಲ ಹತ್ತಿರ ಕೂತಿದ್ದ ಸೊಸೆಯ ತೋಳು ತಟ್ಟಿದಳು. "ಏಳಮ್ಮ, ಬಾಗಿಲು ಹಿಡ್ಕೊಳ್ಳೋಕೆ ಬಾ."

ಕಕ್ಕಸಿಗೆ ಹೊರಗೆ ಬೀಗವಿತ್ತು, ಒಳಗೆ ಚಿಲಕವಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಎಳೆದು ಹಿಡಿದು ನಿಲ್ಲಬೇಕು. ಅದಕ್ಕೆ ಮೇಸ್ತ್ರಿಯ ಅಡ್ಡಿಯಿರಲಿಲ್ಲ. ಶೆಡ್ಡಿನ ಹಿಂದೆ ಹೋದ ಮೇಲೆ ಒಳಗೆ ಹೋಗುತ್ತಿದ್ದವಳು ಸೊಸೆ, ಬಾಗಿಲು ಹಿಡಿಯುತ್ತಿದ್ದವಳು ಅತ್ತೆ.

"ಅತ್ತೆ, ನಿಮಗೆ ಬೇಡ್ವಾ?" ಒಳಗಿನಿಂದ ಸೊಸೆ ಕೇಳಿದಳು.

"ನನ್ನದು ಯಾವತ್ತೋ ಒಣಗಿ ಹೋಯ್ತು. ನೀನು ಮುಗಿಸು."

ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನು ಅತ್ತೆ ಬಿಟ್ಟು ವರ್ಷಗಳಾಗಿದ್ದವು. ಹೆಚ್ಚುಕಮ್ಮಿ ಎಲ್ಲರೂ ಬಿಟ್ಟಿದ್ದರು. ಆದರೆ ಬಸುರಿಯಾದ ಸೊಸೆಗೆ ಹಾಗೆ ಬಿಡಲಾಗುವುದಿಲ್ಲ. ಬಿಟ್ಟರೂ ಬಸಿರು ಬಿಡುವುದಿಲ್ಲ.

ಬಸುರಿಯೆಂದು ಗೊತ್ತಾದರೆ ಕೆಲಸ ಹೋಗುತ್ತಿತ್ತು. ಎಲೆ ತುಂಬುವ ಚೀಲದ ಮೇಲೆ ಬಸುರಿಯರು ಇದನ್ನು ಸೇವಿಸಬಾರದು ಎಂದು ಅಚ್ಚಾಗಿತ್ತು. ಬಸುರಿಯರು ಕೆಲಸಕ್ಕೆ ಬರಬಾರದು ಎಂದು ಮೇಸ್ತ್ರಿ ಅದನ್ನು ಓದುತ್ತಿದ್ದ. ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು. ಶೆಡ್ಡಿನ ಹಿಂದಿನ ಸಾಲುಕೋಣೆಗಳೆಲ್ಲ ಯಜಮಾನರವು. ಒಂದು ಕೋಣೆಗೆ ಇಬ್ಬರು ಹೆಂಗಸರು ದುಡಿಯಬೇಕು ಎಂಬುದು ಅವರ ಲೆಕ್ಕ. ಗಂಡಸರು ಎಲ್ಲಿಗಾದರೂ ಹೋಗಲಿ. ಅತ್ತೆಯ ಮಗ ಲಾರಿಯಲ್ಲಿ ಕ್ಲೀನರ್ ಆಗಿ ಹೋದವನು ತಿಂಗಳಿಗೊಮ್ಮೆ ಬಂದು ಮಲಗಿ ಎದ್ದು ಹೋಗುತ್ತಿದ್ದ.

ಹೋದ ಸಲದ ಬಸಿರು ಈ ಧೂಳಿನಲ್ಲೇ ಕಳೆದಿತ್ತು. ಧೂಳಿನಿಂದಲೇ ಎಂದು ಯಾರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಈ ಸಲ ಅತ್ತೆ ಗಾಳಿ ಬರುವ ಬಾಗಿಲ ಪಕ್ಕದ ಜಾಗ ಹಿಡಿದು ಸೊಸೆಯನ್ನು ಕೂರಿಸಿದ್ದಳು. ಮೂಗಿಗೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿದ್ದಳು. ಅದಕ್ಕಿಂತ ಹೆಚ್ಚಿಗೆ ಮಾಡಲು ಅವಳಿಗೆ ಏನೂ ತೋಚಿರಲಿಲ್ಲ.

ಆ ಧೂಳಿಗೆ ಅದರದೇ ಒಂದು ಗುಣವಿತ್ತು. ಹೊಸದಾಗಿ ಸೇರಿದವಳಿಗೆ ಹೊಟ್ಟೆ ಕಿತ್ತುಕೊಂಡು ಹೋಗುತ್ತಿತ್ತು. ಹಳಬರಿಗೆ ರಜೆ ಬಂದರೆ ಹೊಟ್ಟೆ ಕಟ್ಟುತ್ತಿತ್ತು. "ನಾವು ಸತ್ತರೆ ಮೂಗಿಗೆ ಹತ್ತಿ ಇಡೋದು ಬೇಡ, ಒಂದು ಹಿಡಿ ಎಲೆ ಇಡಿ, ಸಲೀಸಾಗಿ ಹೋಗ್ತೀವಿ," ಎಂದು ರೇಡಿಯೋ ಹೇಳುತ್ತಿದ್ದಳು. ರೇಡಿಯೋ ಎಂದರೆ ಅತ್ತೆಯ ಪಕ್ಕ ಕೂರುವವಳು. ಕೈ ನಿಂತರೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ.

ಅವತ್ತು ಅತ್ತೆ ಬೀಗದ ಕೈ ವಾಪಸು ಕೊಟ್ಟು ಬಂದು ಕೂತಾಗಲೂ ಅವಳು ಶುರು ಮಾಡಿದಳು.

"ನಾವು ಆರಿಸಿದ ಎಲೆ ಕುಡಿದು ಊರೋರೆಲ್ಲ ಆರಾಮಾಗಿ ಹೋಗ್ತಾರೆ. ನಾವು ಮಾತ್ರ ಕಟ್ಕೊಂಡು ಕೂತಿರ್ಬೇಕು. ಯಜಮಾನ್ರ ಟೀಲಿ ಒಂದು ಹಿಡಿ ಹಾಕ್ಬೇಕು ನೋಡು, ಆಗ ಗೊತ್ತಾಗುತ್ತೆ."

"ಅವ್ರು ದಿನಾ ಅದನ್ನೇ ಕುಡಿಯೋದು," ಅಂದಳು ಅತ್ತೆ. "ಅದಕ್ಕೇ ಅವ್ರ ಮೈ ಅಷ್ಟು ಹಗುರ."

ಅದು ನಿಜ. ಯಜಮಾನರ ಮನೆಗೆ ಶನಿವಾರ ಶನಿವಾರ ಒಂದು ಬಿಳಿ ಬಟ್ಟೆಯ ಚೀಲ ಹೋಗುತ್ತಿತ್ತು. ಅದನ್ನು ತುಂಬಿಸುತ್ತಿದ್ದವಳು ಅತ್ತೆಯೇ. ಕಡ್ಡಿಯಿಲ್ಲದ, ಕಲೆಯಿಲ್ಲದ ಎಲೆಗಳನ್ನು ಒಂದೊಂದಾಗಿ ಆರಿಸಿ ಹಾಕಬೇಕು. ಆ ಕೆಲಸ ಸಿಕ್ಕಿದ್ದು ಮರ್ಯಾದೆ ಎಂದು ಮೇಸ್ತ್ರಿ ಹೇಳಿದ್ದ. ಮರ್ಯಾದೆಗೆ ಬೇರೆ ಕೂಲಿ ಇರಲಿಲ್ಲ.

ಮಾಲು ಕೊಳ್ಳುವವರು ದೂರದ ದೇಶದಿಂದ ಗುರುವಾರ ಬರುತ್ತಾರೆಂದು ಸುದ್ದಿಯಾಯಿತು. ಹಿಂದಿನ ದಿನ ಕಕ್ಕಸಿಗೆ ಸುಣ್ಣ ಹೊಡೆದರು. ಒಳಗೆ ಹೊಸ ಚಿಲಕ, ಸೋಪು, ಟವಲು, ಒಂದು ಕನ್ನಡಿ ಬಂತು. ಬೀಗ ತೆಗೆದು ಬಾಗಿಲಿಗೆ ಹೆಂಗಸಿನ ಚಿತ್ರ ಅಂಟಿಸಿದರು. ಚಿತ್ರದ ಹೆಂಗಸಿಗೆ ಮುಖವಿರಲಿಲ್ಲ.

"ಅವ್ರು ಹೋಗೋ ತನಕ ಒಬ್ಬಳೂ ಅದರೊಳಗೆ ಕಾಲಿಡಬಾರದು," ಅಂದ ಮೇಸ್ತ್ರಿ. "ಹೊಲಸು ಮಾಡಿದ್ರೆ ಕಾಲು ಮುರೀತೀನಿ."

"ಕಕ್ಕಸು ಇರೋದೇ ಅದಕ್ಕಲ್ವಾ ಮೇಸ್ತ್ರಿ?" ಅಂದಳು ರೇಡಿಯೋ.

"ನಿನ್ನ ಬಾಯಿಗಿಂತ ಚೆನ್ನಾಗಿದೆ ಅದು. ಮುಚ್ಕೊಂಡು ಕೂತ್ಕೋ."

ಗುರುವಾರ ಎಲ್ಲರಿಗೂ ಬಿಳಿ ಮಾಸ್ಕು ಹಂಚಿದರು, ಸಂಜೆ ವಾಪಸು ಕೊಡಬೇಕೆಂದು ಹೇಳಿ. ಬಾಗಿಲ ಪಕ್ಕ ಮಿರುಗುವ ಬಿಂದಿಗೆಯಲ್ಲಿ ನೀರಿಟ್ಟು, ಮೇಲೆ ಗಾಜಿನ ಲೋಟ ಮಗುಚಿದರು. ಮೊಳೆಯಲ್ಲಿ ಬೀಗದ ಕೈ ಇರಲಿಲ್ಲ. ಕೇಳಲು ಏನೂ ಇಲ್ಲದ್ದರಿಂದ ಯಾರೂ ಏನೂ ಕೇಳಲಿಲ್ಲ.

ಬೆಳಗ್ಗೆ ಬರುತ್ತೇವೆಂದವರು ಬಂದದ್ದು ಊಟದ ಹೊತ್ತು ಮೀರಿದ ಮೇಲೆ. ಯಜಮಾನರು ಒಂದು ಹಿಡಿ ಎಲೆ ಎತ್ತಿ ತೋರಿಸಿ, ಹೊಟ್ಟೆ ತಟ್ಟಿಕೊಂಡು ಏನೋ ಹೇಳಿದರು. ಬಂದವರು ನಕ್ಕರು. ಅವರಲ್ಲಿ ಒಬ್ಬ ಹೆಂಗಸು ಸೊಸೆಯ ಮುಂದೆ ನಿಂತು, ಬಗ್ಗಿ, ಮೆತ್ತಗಿನ ದನಿಯಲ್ಲಿ ಏನೋ ಕೇಳಿದಳು.

"ನೀರು, ಕಕ್ಕಸು, ಎಲ್ಲ ಅನುಕೂಲ ಇದೆಯಾ ಅಂತ ಕೇಳ್ತಿದಾರೆ," ಅಂದರು ಯಜಮಾನರು. "ಇದೆ ಅನ್ನಮ್ಮ."

"ಇದೆ," ಅಂದಳು ಸೊಸೆ.

ಆ ಹೆಂಗಸು ಹಾಳೆಯ ಮೇಲೆ ಒಂದು ಗುರುತು ಹಾಕಿಕೊಂಡು ಮುಂದೆ ಹೋದಳು.

ಅತ್ತೆ ಸೊಸೆಯ ಕಡೆ ನೋಡಿದಳು. ಮಾಸ್ಕಿನ ಮೇಲೆ ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ. ಅವು ಅತ್ತೆಯನ್ನೇ ನೋಡುತ್ತಿದ್ದವು. ಸೊಸೆ ಕೂತಲ್ಲಿಂದ ಟಾರ್ಪಾಲಿನ ಮೇಲೆ ಒದ್ದೆಯ ಗೆರೆಯೊಂದು ಹೊರಟು, ಅವಸರವಿಲ್ಲದೆ, ಆರಿಸಿಟ್ಟ ಎಲೆಯ ಗುಡ್ಡೆಯ ಕೆಳಗೆ ಸೇರುತ್ತಿತ್ತು. ಅದನ್ನು ಇನ್ನೂ ಬೇರೆ ಯಾರೂ ನೋಡಿರಲಿಲ್ಲ. ಮೇಸ್ತ್ರಿ ಇತ್ತ ತಿರುಗುತ್ತಿದ್ದ.

ಅತ್ತೆ ಎದ್ದು, ಬಂದವರಿಗೆ ನೀರು ಕೊಡಲು ಹೊರಟವಳಂತೆ ಬಿಂದಿಗೆ ಎತ್ತಿಕೊಂಡಳು. ಎರಡು ಹೆಜ್ಜೆ ಇಟ್ಟಳು. ಬಿಂದಿಗೆ ಸೊಸೆಯ ತೊಡೆಯ ಮೇಲೆ, ಎಲೆಯ ಮೇಲೆ, ಟಾರ್ಪಾಲಿನ ಮೇಲೆ ಪೂರ್ತಿ ಬಗ್ಗಿತು. ಗಾಜಿನ ಲೋಟ ಉರುಳಿಕೊಂಡು ಹೋಗಿ ಆ ಹೆಂಗಸಿನ ಬೂಟಿಗೆ ತಾಗಿ ನಿಂತಿತು. ಒಡೆಯಲಿಲ್ಲ.

"ಕಾಲು ತೊಡರ್ತು," ಅಂದಳು ಅತ್ತೆ.

ಯಜಮಾನರು ನಗುತ್ತಾ ಏನೋ ಹೇಳಿದರು. ಬಂದವರೂ ನಕ್ಕರು.

ಕಾರುಗಳು ಹೊರಟು ಧೂಳು ಇಳಿಯುವ ಮೊದಲೇ ಮೇಸ್ತ್ರಿ ಬಂದ.

"ಕಣ್ಣೇನು ತಿಕದಲ್ಲಿದ್ಯೇನೇ, ಮುದಿ ಗೂಬೆ? ಇಷ್ಟು ಎಲೆ ನೆನೆಸಿದೀಯಲ್ಲ, ಕರೀ ಆಗುತ್ತೆ ಅಂತ ಗೊತ್ತಿಲ್ವಾ? ನಿನ್ನ ಅಪ್ಪ ಬಂದು ಕೊಳ್ತಾನಾ ಇದನ್ನ?"

"ಒಣಗಿಸ್ತೀನಿ."

"ಒಣಗಿಸ್ತಾಳಂತೆ! ಈಗಲೇ ಫ್ಯಾನ್ ಕೆಳಗೆ ಹರಡು. ಕರೀ ಆಗಿದ್ದು ಕಿತ್ತು ಬಿಸಾಕು, ಹಸಿರು ಉಳಿದಿದ್ದನ್ನ ಚೀಲಕ್ಕೆ ಸೇರಿಸು. ಒಂದೆಲೆ ಹಾಳಾದ್ರೂ ನಿನ್ನ ಕೂಲೀಲಿ ಹಿಡೀತೀನಿ." ಆಮೇಲೆ ಸೊಸೆಯ ಕಡೆ ತಿರುಗಿದ. "ನೀನ್ಯಾಕೆ ಒದ್ದೆ ಕೋಳಿ ಥರ ಕೂತಿದೀಯ? ಹೋಗಿ ಬಟ್ಟೆ ಬದಲಾಯಿಸ್ಕೊಂಡು ಬಾ."

ಸೊಸೆ ಹೋದಳು. ಕಕ್ಕಸಿಗೆ ಆಗಲೇ ಬೀಗ ಬಿದ್ದಿತ್ತು. ಸೋಪು, ಟವಲು, ಕನ್ನಡಿ ಮೇಸ್ತ್ರಿಯ ಮೇಜಿನ ಮೇಲಿದ್ದವು.

ಅತ್ತೆ ಎಲೆ ಹರಡಿದಳು. ಶುಕ್ರವಾರವೆಲ್ಲ ತಿರುವಿ ಹಾಕಿದಳು. ಕರಿಯಾದದ್ದನ್ನು ತೆಗೆದ ಮೇಲೂ ಒಂದು ಮೊರದಷ್ಟು ಹಸಿರಾಗಿಯೇ ಉಳಿಯಿತು, ಚೆನ್ನಾಗಿ, ಗರಿಗರಿಯಾಗಿ. ಶನಿವಾರ ಬೆಳಗ್ಗೆ ಮೇಸ್ತ್ರಿ ಬಂದು ನೋಡಿದ. ಎಲೆ ಒಣಗಿದೆಯೋ ಇಲ್ಲವೋ ಎಂದು ಅವನು ಕಡಿದೇ ತಿಳಿಯುತ್ತಿದ್ದ. ಒಂದೆಲೆ ಎತ್ತಿ ಹಲ್ಲಿನ ನಡುವೆ ಇಟ್ಟು ಕಡಿದ. ಇನ್ನೊಂದು ಕಡಿದ. ಬಾಗಿಲ ಹತ್ತಿರ ಸೊಸೆಗೆ ಕೆಮ್ಮು ಬಂತು.

"ಒಣಗಿದೆ," ಅಂದ ಮೇಸ್ತ್ರಿ. "ಸೇರಿಸು."

ಅತ್ತೆ ಮೊರ ಎತ್ತಿಕೊಂಡು ದೊಡ್ಡ ಚೀಲದ ಹತ್ತಿರ ಹೋಗಿ ನಿಂತಳು. ಚೀಲ ಬಾಯಿ ತೆರೆದುಕೊಂಡಿತ್ತು. ಇದನ್ನು ಯಾರು ಕುಡಿಯುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಹೊಟ್ಟೆ ಕಟ್ಟಿ ನರಳುವ ಯಾವಳೋ ಒಬ್ಬ ಮುದುಕಿ ಎರಡೂ ಕೈಯಲ್ಲಿ ಲೋಟ ಹಿಡಿದು ಕೂತಿರುವಂತೆ ಅವಳಿಗೆ ಕಂಡಿತು. ಆ ಮುದುಕಿಯ ಮೇಲೆ ತನಗೆ ಯಾವ ಸಿಟ್ಟೂ ಇಲ್ಲ ಎಂದುಕೊಂಡಳು. ಎಸೆಯೋಣವೆಂದರೆ ಕೂಲಿಯಲ್ಲಿ ಹಿಡಿಯುತ್ತಾರೆ. ಗೋಡೆಯ ಮೊಳೆಗೆ ಬಿಳಿ ಬಟ್ಟೆಯ ಚೀಲ ಖಾಲಿಯಾಗಿ ತೂಗುತ್ತಿತ್ತು.

ಮೊರ ಹಿಡಿದು ತನ್ನ ಜಾಗಕ್ಕೆ ವಾಪಸು ಬಂದು ಕೂತಳು. ಕಡ್ಡಿಯಿಲ್ಲದ, ಕಲೆಯಿಲ್ಲದ ಎಲೆಗಳನ್ನು ಒಂದೊಂದಾಗಿ ಆರಿಸಿ ಬಿಳಿ ಚೀಲಕ್ಕೆ ಹಾಕಿದಳು. ಯಾವತ್ತಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಬಾಯಿಗೆ ದಾರ ಸುತ್ತಿ ಕಟ್ಟಿದಳು.

"ಅತ್ತೆ, ಅದು..." ಅಂದಳು ಸೊಸೆ.

"ನೀನು ನಿನ್ನ ಎಲೆ ನೋಡು."

ಮೇಸ್ತ್ರಿ ಬಂದು ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಯಜಮಾನರ ಸಾಮಾನನ್ನು ಅವನು ಹಾಗೆಯೇ ಹಿಡಿಯುತ್ತಿದ್ದ.

"ಒಳ್ಳೇದನ್ನೇ ಹಾಕಿದೀಯಾ ತಾನೇ?"

"ನಾನೇ ಕೂತು ಒಣಗಿಸಿದ್ದು."

ಅವನು ಹೋದ. ಹೊರಗೆ ಯಜಮಾನರ ಕಾರಿನ ಬಾಗಿಲು ತೆಗೆದ ಸದ್ದಾಯಿತು, ಹಾಕಿದ ಸದ್ದಾಯಿತು. ಅತ್ತೆ ಎದ್ದು ಬಾಗಿಲ ಪಕ್ಕಕ್ಕೆ ಹೋದಳು. ಮಿರುಗುವ ಬಿಂದಿಗೆಯ ಜಾಗದಲ್ಲಿ ಹಳೆಯ ಪ್ಲಾಸ್ಟಿಕ್ ಕೊಡ ವಾಪಸು ಬಂದಿತ್ತು. ಒಂದು ಲೋಟ ನೀರು ಬಗ್ಗಿಸಿ ಕುಡಿದಳು. ನಿಂತು, ಇನ್ನೊಂದು ಲೋಟ ಕುಡಿದಳು. ಮುಂದಿನ ಶನಿವಾರಕ್ಕೂ ಬಿಳಿ ಚೀಲ ತುಂಬಿಸಬೇಕಾಗಿತ್ತು.

ರೇಡಿಯೋ ಕಣ್ಣರಳಿಸಿದಳು. "ಇದೇನೇ, ಇವತ್ತು ನೀರು ಕುಡೀತಿದೀಯಾ! ಆಮೇಲೆ ಆ ಮುಂಡೇಗಂಡನ ಹತ್ರ ಹೋಗಿ ಬೀಗದ ಕೈ ಕೇಳ್ಬೇಕಾಗುತ್ತೆ."

"ಕೇಳಲ್ಲ," ಅಂದಳು ಅತ್ತೆ.

ಮೂರನೇ ಲೋಟ ಬಗ್ಗಿಸಿಕೊಂಡಳು.