ಮೇಲಿನ ಸಾಲು

ಕುಂಚದ ತುದಿ ಕಪ್ಪಾದದ್ದನ್ನು ನೋಡಿ ನವ್ವಾರಾ ಇನ್ನೂ ಜೋರಾಗಿ ಉಜ್ಜಿದಳು. ಮಡಕೆಯ ಮೇಲೆ ಕಪ್ಪು ಕಂಡರೆ ಅದು ಒಲೆಯ ಮಸಿ ಎಂದೇ ಅವಳ ಕೈಗೆ ಗೊತ್ತು. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಆ ಕೈ ಮಾಡಿಕೊಂಡು ಬಂದದ್ದೂ ಅದನ್ನೇ. ನಾಲ್ಕು ಸಲ ಉಜ್ಜಿ, ಬೇಸಿನ್ನಿನ ನೀರಲ್ಲಿ ಅದ್ದಿ, ಬಿಸಿಲಿಗೆ ಹಿಡಿದಾಗ ಆ ಬೋಕಿಯ, ಒಡೆದ ಮಡಕೆಯ ಚೂರಿನ, ಕೆಳಭಾಗದಲ್ಲಿ ಸಣ್ಣ ಸಣ್ಣ ಅಕ್ಷರಗಳು ಸಾಲಾಗಿ ಕೂತಿದ್ದವು. ಮೇಲ್ಭಾಗ ಮಾತ್ರ ಊಟದ ತಟ್ಟೆಯಷ್ಟು ಚೊಕ್ಕಟವಾಗಿತ್ತು.

"ಅಯ್ಯೋ, ನನ್ನ ಕೈ ಸೇದಿಹೋಗ," ಎಂದಳು.

"ಏನೇ ಅದು, ಚೇಳಾ?" ಪಕ್ಕದ ಬೇಸಿನ್ನಿನ ವಗೀದಾ ಲಂಗ ಎತ್ತಿಕೊಂಡು ಎದ್ದೇಬಿಟ್ಟಳು. ಬೆಟ್ಟದ ಬುಡದ ಹಳ್ಳಿಯ ಈ ಹೆಂಗಸಿಗೆ ಚೇಳಿನ ಭಯ ಬಿಟ್ಟರೆ ಬೇರೆ ಯಾವ ಭಯವೂ ಇರಲಿಲ್ಲ. ನವ್ವಾರಾ ಬೋಕಿಯನ್ನು ತೋರಿಸಿದಳು. ವಗೀದಾ ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಹಳೆಯ ಕಾಲದ ಈ ಜಾಗವನ್ನು ಅಗೆಸುತ್ತಿದ್ದ ಡಾಕ್ಟರ್ ದಿಮ್ಯಾನಾ ಮೊದಲ ದಿನವೇ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಳು. ಇಲ್ಲಿ ಸಾವಿರದ ಆರುನೂರು ವರ್ಷದ ಹಿಂದೆ ಕ್ರಿಸ್ತನ ಹೆಸರು ಹಿಡಿದು ಬಾಳಿದವರು ಕಾಗದಕ್ಕೆ ಗತಿಯಿಲ್ಲದೆ ಒಡೆದ ಮಡಕೆಯ ಚೂರಿನ ಮೇಲೆ ಪತ್ರ ಬರೆಯುತ್ತಿದ್ದರು. ಶಾಯಿ ನೀರು ತಾಗಿದರೆ ಎದ್ದು ಬರುತ್ತದೆ. ಆದ್ದರಿಂದ ಮೊದಲು ಎರಡೂ ಬದಿ ನೋಡಬೇಕು, ಅಕ್ಷರ ಕಂಡರೆ ತೊಳೆಯದೆ ಬೇರೆ ಇಡಬೇಕು. ಇಷ್ಟೇ ಮಾತು. ಇದಕ್ಕೆ ಓದು ಬರಹವೂ ಬೇಕಿರಲಿಲ್ಲ.

"ಒಂದು ಮಾತು ಹೇಳ್ತೀನಿ, ಕೇಳು," ವಗೀದಾ ದನಿ ತಗ್ಗಿಸಿದಳು. "ಉಳಿದದ್ದನ್ನೂ ಉಜ್ಜಿಬಿಡು. ಉಜ್ಜಿ ಆ ಗುಡ್ಡೆಗೆ ಎಸಿ. ಅಲ್ಲಿ ಹತ್ತು ಸಾವಿರ ಬೋಕಿ ಬಿದ್ದಿದೆ. ಇಷ್ಟು ಶತಮಾನ ಯಾರೂ ಹುಡುಕ್ಕೊಂಡು ಬಂದಿಲ್ಲ, ಇವತ್ತು ಸಂಜೆ ಬರ್ತಾರಾ?"

ಮಾತೇನೋ ಸರಿಯಾಗಿಯೇ ಇತ್ತು. ನವ್ವಾರಾ ಅಗೆತದ ಗುಂಡಿಯ ಕಡೆ ನೋಡಿದಳು. ಅಲ್ಲಿ ಅವಳ ಭಾವ ಕಿನ್ನಾವಿ ಇಪ್ಪತ್ತು ಆಳುಗಳ ನಡುವೆ ಕೋಲು ಹಿಡಿದು ನಿಂತಿದ್ದ. ಆ ಜಾಗದ ಮೇಸ್ತ್ರಿ ಅವನೇ.

ನಮ್ಮ ಕುಫ್ತ್ ಊರಿನ ಗಂಡಸರು ಐದು ತಲೆಮಾರಿನಿಂದ ಹಳೆಯ ಮಣ್ಣು ಅಗೆದು ಹೆಸರು ಮಾಡಿದವರು. ಹಸಿ ಇಟ್ಟಿಗೆಯ ಗೋಡೆ ಯಾವುದು, ಅದರ ಮೇಲೆ ಕುಸಿದ ಮಣ್ಣು ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತೇವೆಂದು ಜಂಬ ಕೊಚ್ಚಿಕೊಳ್ಳುತ್ತಾರೆ. ಮುಕ್ಕಾಲು ಪಾಲು ನಿಜವೂ ಹೌದು. ಆದರೆ ಅವರ ಮನೆಯ ಹೆಂಗಸರು ಅಗೆತದ ಜಾಗಕ್ಕೆ ಬುತ್ತಿ ತಂದುಕೊಟ್ಟದ್ದೂ ಇಲ್ಲ. ನವ್ವಾರಾಳೇ ಮೊದಲನೆಯವಳು. ಅವಳ ಗಂಡ, ಕಿನ್ನಾವಿಯ ತಮ್ಮ, ತೀರಿಕೊಂಡ ಮೇಲೆ ಎರಡು ವರ್ಷ ಅವಳು ಮಾಳಿಗೆಯ ಪಾರಿವಾಳಗಳಿಗೆ ಕಾಳು ಹಾಕುತ್ತ ಕೂತಿದ್ದಳು. ಬೋಕಿ ತೊಳೆಯಲು ಹೆಂಗಸರು ಬೇಕೆಂದು ಡಾಕ್ಟರ್ ಕೇಳಿದಾಗ ಹೂಂ ಎನ್ನಲು ಭಾವನಿಗೆ ಹತ್ತು ದಿನ ಹಿಡಿಯಿತು.

"ಒಂದು ತಪ್ಪು ಆದ್ರೂ ಊರಿನವರು ನನ್ನ ಮೀಸೆ ಹಿಡಿದು ಎಳೀತಾರೆ, ರಿಫಾಯಿ ಅಮ್ಮಾ," ಎಂದಿದ್ದ. ರಿಫಾಯಿ ಅವಳ ಮಗ. "ಆಮೇಲೆ ನೀನೂ ಇಲ್ಲ, ನಿನ್ನ ಹಿಂದೆ ಇನ್ನೊಬ್ಬಳೂ ಇಲ್ಲ."

ಆಗಿನಿಂದ ನಲವತ್ತು ದಿನ ಬೆಳಿಗ್ಗೆ ದೋಣಿಯಲ್ಲಿ ನದಿ ದಾಟುವಾಗ ಮುಖಕ್ಕೆ ಬಡಿಯುವ ಗಾಳಿ ಅವಳಿಗೆ ಹಬ್ಬದಂತಿತ್ತು. ಅದನ್ನು ಕಳೆದುಕೊಳ್ಳುವುದು ಅವಳಿಗೆ ಬೇಡವೇ ಬೇಡವಾಗಿತ್ತು. ಬೋಕಿ ಎತ್ತಿಕೊಂಡು ಗುಡ್ಡೆಯವರೆಗೆ ಹೋದಳು. ಅಲ್ಲಿ ಸ್ವಲ್ಪ ಹೊತ್ತು ನಿಂತು, ತಿರುಗಿ ಡಾಕ್ಟರಳ ಕೋಣೆಗೆ ನಡೆದಳು. "ಹುಚ್ಚಿ," ಎಂದು ಹಿಂದಿನಿಂದ ವಗೀದಾ ಗೊಣಗಿದ್ದು ಕೇಳಿಸಿತು.

ಡಾಕ್ಟರ್ ದಿಮ್ಯಾನಾ ಮೇಜಿನ ಮೇಲೆ ಒಂದು ಹರಿದ ಹಗ್ಗದ ಚಪ್ಪಲಿ, ಹೇನು ತೆಗೆಯುವ ಮರದ ಬಾಚಣಿಗೆ, ತಳದಲ್ಲಿ ಸುಟ್ಟ ಬೇಳೆ ಅಂಟಿದ್ದ ಒಂದು ಗಡಿಗೆ ಇಟ್ಟುಕೊಂಡು ಪಟ್ಟಿ ಬರೆಯುತ್ತಿದ್ದಳು. ನವ್ವಾರಾ ಬೋಕಿಯನ್ನು ಅವಳ ಮುಂದಿಟ್ಟಳು.

"ಮಸಿ ಅಂದ್ಕೊಂಡು ಉಜ್ಜಿಬಿಟ್ಟೆ, ಡಾಕ್ಟರಮ್ಮ."

ದಿಮ್ಯಾನಾ ನೋಡಿದಳು. ಕನ್ನಡಕ ತೆಗೆದು ಕಣ್ಣೊತ್ತಿಕೊಂಡಳು. "ಎಷ್ಟು ಸಲ ಹೇಳಿದ್ದೆ ನವ್ವಾರಾ, ಎಷ್ಟು ಸಲ?" ಎಂದಳು. ಮತ್ತೆ ಕನ್ನಡಕ ಹಾಕಿಕೊಂಡು, ಬೋಕಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ತಡೆದು ತಡೆದು ಓದತೊಡಗಿದಳು.

"'ಎಲ್ಲಕ್ಕಿಂತ ಮೊದಲು ನಿಮ್ಮ ಕ್ಷೇಮ ಕೇಳುತ್ತೇನೆ. ನಾನು ಸತ್ತೆನೆಂದು ದೋಣಿಯವರು ಹೇಳಿದ್ದನ್ನು ನಂಬಬೇಡಿ. ಜ್ವರ ಬಿಟ್ಟಿದೆ. ಬದುಕಿದ್ದೇನೆ. ನನ್ನ ಕಂಬಳಿಯನ್ನು ಯಾರಿಗೂ ಕೊಡಬೇಡಿ. ಎರಡು ಒಣಮೀನು, ಒಂದು ಅಳತೆ ಬೇಳೆ ಕಳಿಸಿ.'"

"ಕಂಬಳಿ ಉಳೀತಾ?" ನವ್ವಾರಾ ಥಟ್ಟನೆ ಕೇಳಿದಳು.

ದಿಮ್ಯಾನಾಗೆ ನಗು ಬಂತು. "ಅದು ಬರೆದಿಲ್ಲ."

"ಹೆಂಗಸಾ, ಗಂಡಸಾ?"

"ಗೊತ್ತಿಲ್ಲ. ಯಾರು ಬರೆದದ್ದು, ಯಾರಿಗೆ, ಅದೆಲ್ಲ ಮೇಲಿನ ಸಾಲಲ್ಲಿರುತ್ತೆ."

ಮೇಲಿನ ಸಾಲಿದ್ದ ಜಾಗವನ್ನು ನವ್ವಾರಾ ನೋಡಿದಳು. ಅಲ್ಲಿ ಅವಳದೇ ಕುಂಚದ ಸಣ್ಣ ಗೀರುಗಳಿದ್ದವು. ಊರಿನವರು ಸತ್ತಿತೆಂದು ಅತ್ತ ಒಂದು ಜೀವ, ಇಲ್ಲ ಕಣ್ರೋ ಬದುಕಿದ್ದೀನಿ ಎಂದು ಕೂಗಿ ಹೇಳಿತ್ತು. ಅದರ ಹೆಸರನ್ನು ಅವಳು ಬೇಸಿನ್ನಿನಲ್ಲಿ ತೊಳೆದಿದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ತೊಳೆಯುವ ಕೆಲಸ ಬಿಟ್ಟು ಹೋದವಳು ಇನ್ನೂ ಬರಲಿಲ್ಲವಲ್ಲ ಎಂದು ಕಿನ್ನಾವಿ ನೋಡಲು ಬಂದಿದ್ದ. ಅವನ ಕಣ್ಣು ನೇರವಾಗಿ ಮೇಜಿಗೇ ಹೋಯಿತು.

"ಬರಹದ ಬೋಕಿ ಒದ್ದೆ ಯಾಕಿದೆ?"

"ನಾನೇ ಒದ್ದೆ ಬಟ್ಟೇಲಿ ಒರೆಸಿದೆ," ಎಂದಳು ದಿಮ್ಯಾನಾ, ತಲೆ ಎತ್ತದೆ. "ಮೇಲಿನ ಸಾಲು ಮಣ್ಣಲ್ಲೇ ಅಳಿಸಿಹೋಗಿತ್ತು."

ಕಿನ್ನಾವಿ ಉಸಿರು ಬಿಟ್ಟು, "ಸರಿ ಹಾಗಾದ್ರೆ," ಎಂದು ತಿರುಗಿದ. ನವ್ವಾರಾ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರಲು ಅವಳಿಂದ ಆಗಲಿಲ್ಲ.

"ಇಲ್ಲ ಭಾವ. ನಾನು ಉಜ್ಜಿ ತೆಗೆದೆ. ಬದುಕಿದ್ದೀನಿ ಅಂತ ಬರೆದಿದ್ದಾರೆ, ಯಾರು ಅನ್ನೋದನ್ನ ನಾನು ಅಳಿಸಿಬಿಟ್ಟೆ. ಅದನ್ನ ಮಣ್ಣಿನ ತಲೆಗೆ ಕಟ್ಟೋದು ಬೇಡ."

ಕಿನ್ನಾವಿಯ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದವನು ಬೋಕಿಯ ವಿವರ ಬರೆಯಲು ಡಾಕ್ಟರ್ ಕೈಗೆತ್ತಿಕೊಂಡಿದ್ದ ಚೀಟಿಯನ್ನು ನೋಡಿ ಬಾಯಿ ಮುಚ್ಚಿಕೊಂಡ. ಕೋಲಿನ ತುದಿಯಿಂದ ನೆಲವನ್ನು ಎರಡು ಸಲ ಕುಟ್ಟಿದ.

"ಬರ್ಕೊಳ್ಳಿ ಡಾಕ್ಟರಮ್ಮ, ತೊಳೆಯೋವಾಗ ಹೋಯ್ತು ಅಂತ," ಎಂದ ಕಡೆಗೆ. "ಅಗೆಯೋವಾಗ ತಪ್ಪಿ ಗೋಡೆ ಕಡಿದವನು ಕಡಿದೆ ಅಂತ ಹೇಳದಿದ್ರೆ, ನಾಳೆ ನೀವು ಅಲ್ಲಿ ಬಾಗಿಲಿತ್ತು ಅಂತ ಪುಸ್ತಕದಲ್ಲಿ ಬರೀತೀರಿ."

"ತೊಳೆದವರು ಯಾರು ಅಂತಲೂ ಬರೀಬೇಕು ಮೇಸ್ತ್ರಿಗಳೇ."

"ನಮ್ಮ ಮನೆಯವರು ಅಂತ ಹಾಕಿ."

ನಮ್ಮಲ್ಲಿ ಮನೆಯ ಹೆಂಗಸಿನ ಹೆಸರನ್ನು ಹೊರಗಿನವರ ಎದುರು ಬಾಯಲ್ಲಿ ತರುವುದಿಲ್ಲ. ಇಂಥವನ ತಾಯಿ, ಇಂಥವನ ಮನೆಯವರು ಎಂದರೆ ಸಾಕು. ಮದುವೆಯ ಕರೆಯೋಲೆಯಲ್ಲೂ ಮದುಮಗಳು ಇಂಥವರ ಮಗಳಷ್ಟೇ. ಕಿನ್ನಾವಿ ತನ್ನ ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನೂ ಯಾರೂ ಕೇಳಿಲ್ಲ.

"ನವ್ವಾರಾ ಅಂತ ಬರೀರಿ," ಎಂದಳು ನವ್ವಾರಾ.

ಕಿನ್ನಾವಿ ಕೇಳಿಸದವನಂತೆ ಗೋಡೆ ನೋಡಿದ. ಆಮೇಲೆ ಹೊರಟುಹೋದ. ಮುಗಿಯಿತು ಎಂದುಕೊಂಡಳು ಅವಳು. ನಾಳೆಯಿಂದ ದೋಣಿಯಿಲ್ಲ, ಮಾಳಿಗೆಯೇ ಗತಿ. ಅಳು ಬಂತು. ತೋಳಿನಿಂದ ಮೂಗು ಒರೆಸಿಕೊಂಡು, "ನೀವು ಬರೆದದ್ರಲ್ಲಿ ನನ್ನ ಹೆಸರು ಯಾವುದು?" ಎಂದು ಕೇಳಿದಳು. ದಿಮ್ಯಾನಾ ಚೀಟಿಯ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದಳು. ತನ್ನ ಹೆಸರು ಅಷ್ಟು ಚಿಕ್ಕದಾಗಿರುತ್ತದೆ ಎಂದು ನವ್ವಾರಾ ಎಣಿಸಿರಲಿಲ್ಲ.

ಹೊರಗಿನಿಂದ ಮೇಸ್ತ್ರಿಯ ಗಂಟಲು ಕೇಳಿಸಿತು. ಗುಂಡಿಯ ಅಂಚಿನಲ್ಲಿ ನಿಂತು, ಇಪ್ಪತ್ತು ಗಂಡಸರ ಎದುರೇ, ಇಡೀ ಬೆಟ್ಟಕ್ಕೆ ಕೇಳುವ ಹಾಗೆ ಅವನು ಕೂಗುತ್ತಿದ್ದ.

"ನವ್ವಾರಾ! ಇವತ್ತಿನ ಬೋಕಿ ಇನ್ನೂ ಅರ್ಧ ಹಾಗೇ ಬಿದ್ದಿದೆ, ಯಾರು ತೊಳೀತಾರೆ ಅದನ್ನ? ಏ ನವ್ವಾರಾ!"

ಗುದ್ದಲಿಗಳ ಸದ್ದು ಒಮ್ಮೆಲೇ ನಿಂತಿತು. ಯಾರೋ ಕೆಮ್ಮಿದರು. ಮತ್ತೆ ಒಂದೊಂದಾಗಿ ಗುದ್ದಲಿಗಳು ಬೀಳತೊಡಗಿದವು.

ನವ್ವಾರಾ ಬಾಗಿಲಿಗೆ ಬಂದು, ಮಡಚಿದ್ದ ಅಂಗಿಯ ಒದ್ದೆ ತೋಳುಗಳನ್ನು ಕೆಳಗಿಳಿಸಿಕೊಂಡು, ಅಷ್ಟೇ ಜೋರಾಗಿ ಕೂಗಿ ಹೇಳಿದಳು:

"ಇಲ್ಲೇ ಇದ್ದೀನಿ!"